ಹಡಗುಪಡೆಗೆ ನಾನು ಬೇಡ ಎಂದದ್ದು

ಕಾರವಾರದಾಚೆಯ ಮೂರನೇ ತೇಲೂರು
30 ಫೆಬ್ರವರಿ 2317

ಹಿಂದಿನ ಕಾಲದವರಿಗೆ ಹೊನ್ನಮ್ಮ ಹರಿಕಾಂತಳ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಿಮ್ಮ ಫೆಬ್ರವರಿ ಕುಂಟುತ್ತಿತ್ತಂತೆ. ನಾವು ಅದಕ್ಕೂ ನ್ಯಾಯವಾಗಿ ದಿನ ಹಂಚಿದ್ದೇವೆ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ತೇಲೂರು ಎಂದರೆ ನೀರಿನ ಮೇಲೆ ಕಟ್ಟಿದ ಊರು. ಮನೆಯ ಕೆಳಗೇ ಬಂಗುಡೆ ಓಡಾಡುತ್ತವೆ, ಮಾಡಿನ ಮೇಲೆ ಬಸಳೆ ಹಬ್ಬುತ್ತದೆ, ಅಲೆ ಜೋರಾದ ದಿನ ಸಾರು ಒಲೆಯಿಂದ ಇಳಿದು ನೇರ ಮಡಿಲಿಗೇ ಬರುತ್ತದೆ. ಗುರುತಿನದ್ದೋ ಅಲ್ಲವೋ, ಯಾವ ದೋಣಿ ಹತ್ತಿರ ಬಂದರೂ ನಾವೆಲ್ಲ ಉದ್ದನೆಯ ಗಳ ಹಿಡಿದು ಅಂಚಿಗೆ ಓಡುತ್ತೇವೆ. ಗಳದ ಕೊಕ್ಕೆಯಿಂದ ದೋಣಿಯನ್ನು ಎಳೆದು ಕಟ್ಟಿಕೊಟ್ಟರೆ ಮಾತ್ರ ಬರಮಾಡಿಕೊಂಡ ಹಾಗೆ. ಸುಮ್ಮನೆ ಕೈಕಟ್ಟಿ ನಿಂತವರಿಗೆ ಇಲ್ಲಿ ಮರ್ಯಾದೆಯಿಲ್ಲ.

ಈ ಪದ್ಧತಿಯೇ ನನ್ನ ಅಜ್ಜಿಯ ತಮ್ಮನಿಗೆ ಮುಳುವಾಯಿತು. ಅವನನ್ನೂ ಜೊತೆಗಾರರನ್ನೂ ಕಡಲ್ಗಳ್ಳರು ಹಡಗೊಂದರಲ್ಲಿ ಒತ್ತೆಯಿಟ್ಟುಕೊಂಡಿದ್ದರು. ಬಿಡಿಸಲು ಬಂದದ್ದು ಬೇರೆ ದೇಶದ ಹಡಗುಪಡೆ. ಒಳ್ಳೆಯ ಮನಸ್ಸಿನಿಂದಲೇ ಬಂದರು, ಅದರಲ್ಲಿ ನನಗೆ ಅನುಮಾನವಿಲ್ಲ. ದೋಣಿಗಳು ಕಂಡದ್ದೇ ಒತ್ತೆಯಲ್ಲಿದ್ದ ನಮ್ಮವರು ಖುಷಿಯಿಂದ ಗಳ ಎತ್ತಿಕೊಂಡು ಹಡಗಿನ ಅಂಚಿಗೆ ಓಡಿದರು. ಸೈನಿಕರ ಕಣ್ಣಿಗೆ ಅವು ಈಟಿಗಳಾಗಿ ಕಂಡವು, ಗುಂಡು ಹಾರಿಸಿದರು. ಒತ್ತೆಯಾಳುಗಳು ಸತ್ತರು, ಕಳ್ಳರು ಆಚೆ ಬದಿಯಿಂದ ಈಜಿ ಪಾರಾದರು. ಆಮೇಲೆ ಬಂದ ಕಾಯಿದೆಗೆ ಮನೆತಡೆ ಎಂದು ಹೆಸರು. ಒತ್ತೆಯಾಳುಗಳ ಪೈಕಿ ಒಂದು ಮನೆಯವರು ಬೇಡ ಎಂದರೂ ಹೊರಗಿನ ಸೈನ್ಯ ಕಾಲಿಡುವಂತಿಲ್ಲ.

ಹೋದ ವರ್ಷ ಆ ಕಾಯಿದೆ ನನ್ನ ತಲೆಯ ಮೇಲೇ ಬಂದು ಕೂತಿತು. ನನ್ನ ಮಗಳು ಕೇತಕಿ ಸಿಹಿನೀರಿನ ಗೋಪುರದಲ್ಲಿ, ಅಂದರೆ ಕಡಲ ನೀರಿನ ಉಪ್ಪು ತೆಗೆಯುವ ಕಾರ್ಖಾನೆಯಲ್ಲಿ, ಕೆಲಸಕ್ಕಿದ್ದಳು. ಕುಡಿಯಲು ನೀರಿಲ್ಲದೆ ಕಂಗೆಟ್ಟ ದ್ವೀಪವೊಂದರ ಜನ ಗೋಪುರಕ್ಕೆ ನುಗ್ಗಿ, ಅಲ್ಲಿದ್ದವರನ್ನೆಲ್ಲ ಹಿಡಿದಿಟ್ಟರು. ದೊಡ್ಡ ದೇಶವೊಂದರ ಸೇನಾಧಿಕಾರಿ ನಮ್ಮಲ್ಲಿಗೆ ಬಂದು, ನಾಳೆ ಮಧ್ಯಾಹ್ನದ ಊಟಕ್ಕೆ ಮಕ್ಕಳು ಮನೆಯಲ್ಲಿರುತ್ತಾರೆ ಎಂದರು. ಬೇರೆ ಮನೆಯವರೆಲ್ಲ ಒಪ್ಪಿದರು. ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ದೋಣಿ ಕಂಡಾಗ ನಮ್ಮ ಮಕ್ಕಳು ಏನು ಮಾಡುತ್ತಾರೆ ಗೊತ್ತೇ ಎಂದು ಕೇಳಿದೆ. ಅವರ ಬಳಿ ಗೋಪುರದ ನಕ್ಷೆಯಿತ್ತು. ಮಕ್ಕಳ ವಿಷಯ ಏನೂ ಇರಲಿಲ್ಲ. ಬೇಡ ಎಂದೆ.

ಊರಿನವರು ನನ್ನ ಮುಖ ನೋಡುವುದನ್ನೇ ಬಿಟ್ಟರು. ಭಟ್ಕಳದ ತೇಲೂರಿನ ಜುಲೇಖಾಬಿ ಆ ದ್ವೀಪಕ್ಕೆ ಮೊದಲಿನಿಂದ ಮಲ್ಲಿಗೆ ಮಾರುತ್ತಿದ್ದವಳು, ಅವರ ಭಾಷೆ ಬಲ್ಲವಳು. ಅವಳೇ ತಿಂಗಳುಗಟ್ಟಲೆ ಗೋಪುರದ ಬುಡದಲ್ಲಿ ದೋಣಿ ಕಟ್ಟಿ ಮಾತಿಗೆ ಕೂತಳು. ಬೈಸಿಕೊಂಡಳು, ಚಹಾ ಕುಡಿದಳು, ಮತ್ತೆ ಬೈಸಿಕೊಂಡಳು. ಕೊನೆಗೆ ದ್ವೀಪಕ್ಕೆ ಸಿಹಿನೀರಿನ ಕೊಳವೆ ಎಳೆಯುವುದೆಂದು ತೀರ್ಮಾನವಾಗಿ ಎಲ್ಲರೂ ಬಿಡುಗಡೆಯಾದರು. ಈಗ ಆ ದ್ವೀಪದವರು ನಮಗೆ ಕಲ್ಲಂಗಡಿ ಕಳಿಸುತ್ತಾರೆ, ತುಸು ಸಪ್ಪೆ, ಆದರೂ ತಿನ್ನುತ್ತೇವೆ.

ಸೈನ್ಯ ಎಂದೂ ಬೇಡ ಎನ್ನುವಷ್ಟು ಹುಂಬಳಲ್ಲ ನಾನು. ದೂರದ ಪಡೆಯೊಂದು ನಿಮ್ಮವರನ್ನು ಬಿಡಿಸಿಕೊಡುತ್ತೇವೆ ಎಂದು ಹೊರಟಾಗ, ಒಳಗೆ ಸಿಕ್ಕಿಕೊಂಡವರನ್ನು ಬಲ್ಲ ಒಬ್ಬರ ಮಾತನ್ನಾದರೂ ಮೊದಲು ಕೇಳಿ ಎಂದು ಕೈಮುಗಿದು ಬೇಡುತ್ತೇನೆ, ಅಷ್ಟೆ.

ಕಾಯುವುದೂ ಸುಲಭವಲ್ಲ. ಕೇತಕಿ ಸೊರಗಿ ಕಡ್ಡಿಯಾಗಿ ಬಂದಳು. ದೋಣಿ ಇಳಿದವಳೇ ನನ್ನ ಮೇಲೆ ಹರಿಹಾಯ್ದಳು: “ಆಯೀ, ಸೈನ್ಯ ಬತ್ತದೆ ಅಂದ್ರೂ ನೀ ಬ್ಯಾಡ ಅಂದ್ಯಂತೆ! ನಾ ನಿಂಗೆ ಅಷ್ಟು ಬ್ಯಾಡಾಗಿದ್ನನೇ?” ತಟ್ಟೆಗೆ ಅನ್ನ ಬಡಿಸುತ್ತ ಕೂತೆ. ಅವಳು ತಿನ್ನುತ್ತ ಬೈದಳು, ಬೈಯುತ್ತ ತಿಂದಳು. ಇವತ್ತು ಬೆಳಿಗ್ಗೆಯೂ ಬೈದಳು.

ಬೈಯಲಿ. ಮನೆಯಲ್ಲಿದ್ದು ಬೈಯಲಿ.