ಬಲಗೈ ಎತ್ತಿದ ದಿನ

ಬಸವೇಶ್ವರನಗರ
ಭಾನುವಾರ, ೧೫ ಜೂನ್ ೨೦೨೫

ಸಿಟ್ಟಾಗಿರುವ ನನ್ನ ಅಮೂಲ್ಯಾಗೆ,

ನಿನ್ನ ಫೋನುಗಳನ್ನೆಲ್ಲ ನೋಡಿದೆ, ಎತ್ತಲಿಲ್ಲ. 'ಬದುಕಿದೀಯೋ ಇಲ್ವೋ, ಅಷ್ಟಾದ್ರೂ ಹೇಳೇ' ಎಂದು ನೀನು ಕಳಿಸಿದ ವಾಯ್ಸ್ ಮೆಸೇಜನ್ನೂ ಕೇಳಿದೆ. ಅದರ ಹಿನ್ನೆಲೆಯಲ್ಲಿ ಕೆಂಗೇರಿಯ ನಿನ್ನ ಸ್ಕೂಲಿನ ಮಕ್ಕಳ ಗದ್ದಲವಿತ್ತು. ಬದುಕಿದ್ದೇನೆ.

ಡೆಮೊ ಕ್ಲಾಸ್ ಏನಾಯಿತೆಂದು ಕೇಳುವ ಹಕ್ಕು ಬೇರೆ ಯಾರಿಗಿಂತಲೂ ನಿನಗೆ ಹೆಚ್ಚು. ವಿಜಯನಗರದ ಆ ಪಿಯು ಕಾಲೇಜಿಗೆ ಕನ್ನಡ ಉಪನ್ಯಾಸಕರು ಬೇಕಂತೆ ಎಂಬ ಸುದ್ದಿ ತಂದವಳು ನೀನು. ನೀನೇ ಅರ್ಜಿ ಹಾಕಬಹುದಿತ್ತು. 'ಛಂದಸ್ಸು ಅಂದ್ರೆ ನಿದ್ದೇಲೂ ಎದ್ದು ಪಾಠ ಮಾಡೋಳು ನೀನು, ನೀನೇ ಹೋಗೇ' ಎಂದು ನನ್ನನ್ನು ಮುಂದೆ ತಳ್ಳಿದೆ. ಕೆಲಸ ಸಿಗದಿದ್ದರೆ ಗೋವಿಂದರಾಜನಗರದ ಸೋದರಮಾವನ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಬಿಲ್ಲು ಬರೆಯಲು ಕೂರಬೇಕು ಎಂದು ಅಮ್ಮ ಹೇಳಿಬಿಟ್ಟಿದ್ದಳು. ಪಾಠ ಮಾಡುವುದೊಂದನ್ನು ಬಿಟ್ಟರೆ ನನಗೆ ಈ ಲೋಕದಲ್ಲಿ ಬೇರೇನೂ ಬೇಕಿರಲಿಲ್ಲ, ಅದೂ ನಿನಗೆ ಗೊತ್ತು. ಫೋನಿನಲ್ಲಿ ಹೇಳಲು ಹೋದರೆ ನೀನು ನಗುತ್ತೀಯ, ನಾನು ಮಾತು ಬದಲಿಸುತ್ತೇನೆ. ಅದಕ್ಕೇ ಪತ್ರ.

ಒಂದು ಪದ ಬರೆಯಬೇಕಾಗಿದೆ. ಅದಕ್ಕೆ ಮುಂಚೆ ಎರಡು ಹಾಳೆ ಹರಿದೆ. ಕಂಕುಳು. ನನಗೆ ಕಂಕುಳು ವಿಪರೀತ ಬೆವರುತ್ತದೆ, ಅಮೂಲ್ಯಾ. ಬಿಸಿಲಿಗೆ ಎಲ್ಲರಿಗೂ ಬೆವರುವ ಹಾಗಲ್ಲ. ಡಿಸೆಂಬರಿನ ಚಳಿಯಲ್ಲಿ, ಸ್ವೆಟರಿನ ಒಳಗೆ, ಸುಮ್ಮನೆ ಕೂತಿದ್ದಾಗಲೂ ಪಕ್ಕೆಗುಂಟ ಹನಿ ಇಳಿಯುವುದು ಗೊತ್ತಾಗುತ್ತದೆ. ಯಾರಾದರೂ ನೋಡುತ್ತಾರೇನೋ ಎಂದುಕೊಂಡರೆ ಸಾಕು, ಇನ್ನಷ್ಟು. ನಾವು ಓದಿದ ಕಾವ್ಯದಲ್ಲೆಲ್ಲ ಹಣೆಯ ಬೆವರಿಗೆ ಎಷ್ಟು ಮರ್ಯಾದೆ! ಮುತ್ತು ಎನ್ನುತ್ತಾರೆ, ಕಾಯಕದ ಕಳೆ ಎನ್ನುತ್ತಾರೆ. ಕೈಯಗಲ ಕೆಳಗೆ ಬಂದರೆ ಅದೇ ನೀರು ಕೊಳಕು.

ಎಂ.ಎ. ಓದುವಾಗ ಉಲ್ಲಾಳದ ರೂಮಿನಲ್ಲಿ ಎರಡು ವರ್ಷ ಒಂದೇ ಕಪಾಟು ಹಂಚಿಕೊಂಡೆವು. ನಿನಗೆ ಗೊತ್ತಾಗದ ಹಾಗೆ ನೋಡಿಕೊಂಡೆ. ನೀನು ಏಳುವ ಮೊದಲೇ ನನ್ನ ಬಟ್ಟೆ ಒಗೆದು ತಂತಿಯ ಆ ತುದಿಗೆ ಒಣಹಾಕುತ್ತಿದ್ದೆ. ದಿನವೂ ಕಪ್ಪು ಕುರ್ತಾ ನೋಡಿ ನೀನು, 'ಏನೇ, ಇವತ್ತೂ ಕಪ್ಪು ಬಾವುಟ ಪ್ರದರ್ಶನಾನಾ? ಯಾರ ವಿರುದ್ಧ?' ಎನ್ನುತ್ತಿದ್ದೆ. ಕ್ಯಾಂಪಸ್ಸಿನ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯದೆ ಬ್ರೇಕ್ ಹಾಕಿದಾಗಲೆಲ್ಲ ಯಾರದೋ ಮೇಲೆ ಬೀಳುತ್ತಿದ್ದೆ. 'ಮಹಾರಾಣಿ ಕೈ ಎತ್ತಲ್ಲ' ಎಂದು ನೀನು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದ್ದೆ. ನಾನೂ ನಕ್ಕಿದ್ದೆ. ಅಂದು ರಾತ್ರಿ ಊಟ ಸೇರಲಿಲ್ಲ.

ಮಾಡದ ಉಪಾಯವಿಲ್ಲ. ಪಟಿಕ ಉಜ್ಜಿದೆ, ನಿಂಬೆಹಣ್ಣು ಹಿಂಡಿ ಅಡುಗೆ ಸೋಡಾ ಹಚ್ಚಿದೆ, ಪೌಡರು ಸುರಿದುಕೊಂಡೆ. ಬಟ್ಟೆಯ ಮಡಿಕೆಗಳನ್ನು ಕುಪ್ಪಸದೊಳಗೆ ಹೊಲಿದುಕೊಂಡರೆ ಅವು ನೆನೆದು ಭಾರವಾಗಿ ಜೋಲುತ್ತಿದ್ದವು. ಒಮ್ಮೆ, ಬೈಯಬೇಡ, ಪೂಜೆಯ ಗೂಡಿನಿಂದ ಅಜ್ಜಿಯ ವಿಭೂತಿ ಗಟ್ಟಿಯನ್ನೇ ಒಡೆದು ಪುಡಿ ಮಾಡಿ ಹಚ್ಚಿಕೊಂಡೆ. ಅದು ಬೆವರಿನಲ್ಲಿ ಕಲಸಿಹೋಗಿ ಸುಣ್ಣದಂತಾಗಿ ಕಪ್ಪು ಕುರ್ತಾದ ಮೇಲೆ ಬಿಳಿ ನಕ್ಷೆ ಬರೆಯಿತು. ನಮ್ಮ ಶಿವಕ್ಕಜ್ಜಿ ಗೂಡಿನ ಮುಂದೆ ನಿಂತು, 'ಇಲಿ ಸೈತ ಲಿಂಗವಂತ ಆದ್ವೇನ ಈ ಬೆಂಗಳೂರಾಗ? ಇಬತ್ತಿ ತಿಂತಾವಲ್ಲ!' ಎಂದು ಬೆರಗಾದಳು. ನನ್ನ ಒದ್ದೆ ಬಟ್ಟೆ ಕಂಡಾಗಲೂ ಅವಳದ್ದೊಂದು ಮಾತು ಇದ್ದೇ ಇತ್ತು: 'ಬೆವರೂದು ದುಡಿಯೋರ ಲಕ್ಷಣ. ನೀ ಏನ್ ಕಡದು ಗುಡ್ಡಿ ಹಾಕೀ ಅಂತ ಹಿಂಗ್ ಬೆವರ್ತೀಯವ್ವಾ?'

ಡೆಮೊಗೆ ಕರೆ ಬಂದಾಗ ನನಗೆ ಮೊದಲು ಕಂಡದ್ದು ಕರಿಹಲಗೆ. ಛಂದಸ್ಸಿನ ಪಾಠ ಹೇಗಿರುತ್ತದೆ ಎಂದು ನಿನಗೆ ಹೇಳಬೇಕಿಲ್ಲ. ಪದ್ಯದ ಸಾಲನ್ನು ಹಲಗೆಯ ಮೇಲ್ತುದಿಗೆ ಬರೆಯಬೇಕು, ರಾಗವಾಗಿ ಒಂದೊಂದೇ ಅಕ್ಷರ ಹೇಳುತ್ತ ಅದರ ನೆತ್ತಿಯ ಮೇಲೆ ಲಘು, ಗುರು ಗುರುತು ಹಾಕುತ್ತ ಹೋಗಬೇಕು. ಕೈ ಇಳಿಸುವ ಹಾಗಿಲ್ಲ. ಬೆನ್ನು ಮಕ್ಕಳ ಕಡೆಗೆ, ತೋಳು ಎಲ್ಲರ ಕಣ್ಣಿಗೆ. ಮನೆ ಪಾಠದ ಮಕ್ಕಳಿಗೆ ನೆಲದ ಮೇಲೆ ಕೂತು ಹಾಳೆಯಲ್ಲಿ ಕಲಿಸಿದವಳು ನಾನು.

ಹೀಗಾಗಿ ಕೊನೆಗೂ ಅಮ್ಮನನ್ನು ಹೊರಡಿಸಿದೆ. ಇಲ್ಲೇ ನಮ್ಮ ರಸ್ತೆಯ ತುದಿಯಲ್ಲಿರುವ ಚರ್ಮದ ಡಾಕ್ಟರು, ನಿಧಾನದ ಹೆಂಗಸು. 'ಇದು ಗಲೀಜಿಂದ ಬರೋದಲ್ಲಮ್ಮ. ಬೆವರಿನ ಗ್ರಂಥಿಗೆ ನರ ಸುಮ್‌ಸುಮ್ನೆ ಸಿಗ್ನಲ್ ಕೊಡ್ತಾನೇ ಇರುತ್ತೆ. ತುಂಬಾ ಜನಕ್ಕಿದೆ, ಹೇಳ್ಕೊಳಲ್ಲ ಅಷ್ಟೆ' ಎಂದರು. ಮನೆಯಲ್ಲಿ ಇನ್ಯಾರಿಗಾದರೂ ಇದೆಯಾ ಎಂದು ಕೇಳಿದರು. 'ಇಲ್ಲ ಇಲ್ಲ, ನಮ್ ಕಡೆ ಯಾರಿಗೂ ಇಲ್ಲ' ಎಂದು ಅಮ್ಮ ಪ್ರಶ್ನೆ ಮುಗಿಯುವ ಮೊದಲೇ ಹೇಳಿದಳು. ಹೇಳಿ, ಎಸಿ ತಣ್ಣಗೆ ಬೀಸುತ್ತಿದ್ದ ಆ ಕೋಣೆಯಲ್ಲಿ ಸೆರಗನ್ನು ಎರಡೂ ಭುಜದ ಮೇಲೆ ಎಳೆದುಕೊಂಡಳು. ನಾನು ಹುಟ್ಟಿದಾಗಿನಿಂದ ಅವಳು ಸೆರಗನ್ನು ಹಾಗೇ ಹೊದೆಯುತ್ತಾಳೆ. ಅದನ್ನು ಗೌರವವೆಂದುಕೊಂಡಿದ್ದೆ. ಅವಳ ಮುಖ ನೋಡಿದೆ. ಅವಳು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ಒಂದೇ ಒಂದು ಸಲ, ಇದು ಶುರುವಾದ ನನ್ನ ಹದಿಮೂರನೆಯ ವಯಸ್ಸಿನಲ್ಲಿ, 'ನನಗೂ ಇದೆ' ಎಂದು ಅವಳು ಹೇಳಿದ್ದರೆ! ಬಸ್ಸಿಳಿದು ಮನೆಗೆ ಬಂದು ಬಚ್ಚಲಲ್ಲಿ ಅತ್ತ ಎಷ್ಟೋ ಸಂಜೆಗಳಲ್ಲಿ ಪಕ್ಕದಲ್ಲಿ ಇನ್ನೊಬ್ಬರಿರುತ್ತಿದ್ದರು.

ಡಾಕ್ಟರು ಮೊದಲು ಒಂದು ದ್ರಾವಣ ಕೊಟ್ಟರು. ರಾತ್ರಿ ಮಲಗುವ ಮೊದಲು ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಬೇಕು, ಬೆಳಿಗ್ಗೆ ತೊಳೆಯಬೇಕು ಎಂದು ಎರಡು ಸಲ ಹೇಳಿದರು. ನಾನು ಕೇಳಿದ್ದು ನಮ್ಮ ಮನೆಯ ಕಿವಿಯಿಂದ. ನಮ್ಮಲ್ಲಿ ಸ್ನಾನವಾಗದೆ ಮೈಗೆ ಒಳ್ಳೆಯದೇನನ್ನೂ ಹಚ್ಚುವುದಿಲ್ಲ. ಮಿಂದ ಒದ್ದೆ ಮೈಗೇ ವಿಭೂತಿ ಧರಿಸಿ ಅಭ್ಯಾಸ. ಇದನ್ನೂ ಹಾಗೇ ಮಾಡಿದೆ, ಬೆಳಿಗ್ಗೆ, ರೇಜರು ಆಡಿಸಿ, ಸ್ನಾನ ಮಾಡಿ, ಹಸಿ ಚರ್ಮದ ಮೇಲೆ. ಉರಿ ಎಂದರೆ ಮೆಣಸಿನಕಾಯಿ ಅರೆದು ಮೆತ್ತಿದಂಥ ಉರಿ. ವಾರವಿಡೀ ತೋಳನ್ನು ಮೈಗೆ ತಾಗಿಸಲಾಗಲಿಲ್ಲ. ಡಾಕ್ಟರು ತಲೆ ಚಚ್ಚಿಕೊಂಡರು. ಇಂಜೆಕ್ಷನ್ ಕೂಡ ಇದೆ, ಕೆಲವು ತಿಂಗಳು ತಡೆಯುತ್ತದೆ ಎಂದರು. ಅದರ ಖರ್ಚು ಕೇಳಿದ್ದೇ ಅಮ್ಮ ಎದ್ದು ನಿಂತಳು. ಉಳಿದದ್ದು ಮಾತ್ರೆ. 'ಒಂದೇ ಒಂದು ತಗೊಳ್ಳಿ. ಅದೂ ಮೊದ್ಲು ರಜಾ ದಿನ ಮನೇಲಿ ತಗೊಂಡು ನೋಡಿ. ಬಾಯಿ ಒಣಗುತ್ತೆ, ಕಣ್ಣು ಸ್ವಲ್ಪ ಮಂಜಾಗ್ಬಹುದು. ಹೊಂದ್ಲಿಲ್ಲ ಅಂದ್ರೆ ಬನ್ನಿ, ಬದಲಾಯಿಸೋಣ.'

ಮನೆಯಲ್ಲಿ ಪರೀಕ್ಷಿಸಲಿಲ್ಲ. ಹೊಂದುವುದಿಲ್ಲ ಎಂದು ಗೊತ್ತಾಗಿಬಿಟ್ಟರೆ ಎಂಬ ಭಯ. ಡೆಮೊ ದಿನ ಬೆಳಿಗ್ಗೆ ಎರಡು ನುಂಗಿದೆ.

ಮೊದಲ ಸಲ ತಿಳಿನೀಲಿ ಸೀರೆ ಉಟ್ಟೆ ಕಣೇ. ಕುಪ್ಪಸವೂ ಅದೇ ಬಣ್ಣದ್ದು. ಕ್ಲಾಸಿನಲ್ಲಿ ಫಸ್ಟ್ ಪಿಯು ಮಕ್ಕಳು ತುಂಬಿದ್ದರು. ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲ್ ವಿಶ್ವಾರಾಧ್ಯ ಅವರು, ಪಕ್ಕದಲ್ಲಿ ಇಬ್ಬರು ಹಿರಿಯ ಮೇಡಂಗಳು. ಸೀಮೆಸುಣ್ಣ ತೆಗೆದುಕೊಂಡೆ. ಬಲಗೈ ಎತ್ತಿದೆ. ಅಮೂಲ್ಯಾ, ಏನೂ ಆಗಲಿಲ್ಲ. ಹನಿಯಿಲ್ಲ, ತೇವವಿಲ್ಲ, ಗಾಳಿ ತೋಳಿನ ಕೆಳಗೆ ಓಡಾಡಿತು. ಹಲಗೆಯ ತುತ್ತತುದಿಗೆ, ಕಾಲಬೆರಳ ಮೇಲೆ ನಿಂತು, ಇಡೀ ಸಾಲು ಬರೆದೆ. ನನ್ನ ಅಕ್ಷರ ಅಷ್ಟು ಚಂದವಿದೆ ಎಂದು ನನಗೇ ಗೊತ್ತಿರಲಿಲ್ಲ. ಹಲಗೆಯ ತುಂಬ ಪದ್ಯ ಮೂಡಿತು.

ಆಮೇಲೆ ಹಾಡಿ ತೋರಿಸಲು ಬಾಯಿ ತೆರೆದೆ. ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಮೊದಲ ಅಕ್ಷರ ಹೇಗೋ ಬಂತು, ಎರಡನೆಯದು ಒಣ ಎಲೆ ತುಳಿದಂತೆ. ಪುಸ್ತಕ ನೋಡಿದರೆ ಸಾಲುಗಳು ಮಂಜು. ಮುಂದಿನ ಬೆಂಚಿನ ಹುಡುಗಿ ತನ್ನ ಬಾಟಲಿ ಚಾಚಿದಳು. ಕುಡಿದೆ. ನೀರು ಗಂಟಲನ್ನು ತೋಯಿಸದೆ ಇಳಿದುಹೋಯಿತು. ಯಾವನೋ ಪಿಸುಗುಟ್ಟಿದ, 'ಮಚ್ಚಾ, ಮ್ಯಾಮ್ ಮ್ಯೂಟಲ್ಲಿದಾರೆ ಕಣೋ.' ಕ್ಲಾಸು ನಕ್ಕಿತು. ನಾನು ಬೆನ್ನು ತಿರುಗಿಸಿ, ಮಾತಿಲ್ಲದೆ, ಗುರುತು ಹಾಕುತ್ತ ಹೋದೆ. ಒಂದೂ ತಪ್ಪಲಿಲ್ಲ. ಗಣ ವಿಂಗಡಿಸಿ ಗೆರೆ ಎಳೆದೆ. ಪದ್ಯ ನನ್ನೊಳಗೆ ಪೂರ್ತಿ ರಾಗದಲ್ಲಿ ಕೇಳುತ್ತಿತ್ತು, ಹೊರಗೆ ಸೀಮೆಸುಣ್ಣದ ಟಕಟಕ ಮಾತ್ರ. 'ಗಾಬರಿ ಆಗ್ಬೇಡಿ ಮೇಡಂ, ಸಾಕು ಬನ್ನಿ, ಕೂತ್ಕೊಳಿ' ಎಂದರು ವಿಶ್ವಾರಾಧ್ಯ. ಎಂಥ ಮೃದು ದನಿ. ಬೈದಿದ್ದರೆ ಚೆನ್ನಾಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತೆ. ಯಾರ ಮೇಲೂ ಬೀಳಲಿಲ್ಲ. ಎಲ್ಲರೂ ಪ್ರತಿದಿನ ಮಾಡುವುದು ಇಷ್ಟೇ, ಕೈ ಎತ್ತಿ ನಿಲ್ಲುವುದು. ಮಾಗಡಿ ರೋಡ್ ಬರುವಷ್ಟರಲ್ಲಿ ಅಳು ಉಕ್ಕಿತು. ಕಣ್ಣಿಂದ ನೀರು ಬರಲಿಲ್ಲ. ಕಣ್ಣೂ ಒಣಗಿತ್ತು.

ಡಾಕ್ಟರ ಹತ್ತಿರ ಮತ್ತೆ ಹೋಗಬೇಕು ಎಂದು ನೀನು ಹೇಳುತ್ತೀಯ. ಹೋಗಿಲ್ಲ. ಆಮೇಲೆ ಮನೆಯಲ್ಲಿ ಒಂದೇ ಮಾತ್ರೆ ತೆಗೆದುಕೊಂಡು ನೋಡಿದೆ. ಅರ್ಧ ಬೆವರು, ಅರ್ಧ ದನಿ. ಎರಡೂ ಸಾಲದು. ನನಗೆ ದಣಿವಾಗಿದೆ. ಪ್ರತಿ ಉಪಾಯಕ್ಕೂ ಹೊಸದಾಗಿ ಆಸೆ ಹುಟ್ಟಿಸಿಕೊಳ್ಳಬೇಕಲ್ಲ, ಆ ಕೆಲಸ ಇನ್ನು ನನ್ನಿಂದಾಗದು.

ಶುಕ್ರವಾರ ವಿಶ್ವಾರಾಧ್ಯ ಅವರ ಫೋನು ಬಂತು. ಆ ಮಾತುಕತೆಯನ್ನು ಬಿಡು. ನಾನು ಆ ಕಾಲೇಜಿಗೆ ಹೋಗುವುದಿಲ್ಲ, ಅಷ್ಟು ತಿಳಿದುಕೊಂಡರೆ ಸಾಕು. ಅಮ್ಮ ಮಾವನಿಗೆ ಹೇಳಿಯಾಗಿದೆ. 'ಫ್ಯಾನ್ ಕೆಳಗೇ ಕೂರಿಸ್ತೀನಿ ಬಿಡಕ್ಕಾ' ಎಂದು ಅವನು ಫೋನಿನಲ್ಲೇ ಸಮಾಧಾನ ಹೇಳಿದನಂತೆ. ಅಂದರೆ ಅವನಿಗೂ ಗೊತ್ತು. ಎಲ್ಲರಿಗೂ ಮೊದಲಿನಿಂದ ಗೊತ್ತಿತ್ತೇನೋ. ನಾನೊಬ್ಬಳು ಇಷ್ಟು ವರ್ಷ ಕತ್ತಲಲ್ಲಿ ಬಟ್ಟೆ ಒಗೆದೆ.

ನೀನು ಒಳ್ಳೆಯ ಟೀಚರಾಗಿರು. ನಿನ್ನ ಕ್ಲಾಸಿನಲ್ಲಿ ಯಾವಳಾದರೂ ಉತ್ತರ ಗೊತ್ತಿದ್ದೂ ಕೈ ಎತ್ತದೆ ಕೂತಿದ್ದರೆ, ಅವಳನ್ನು ಎಲ್ಲರ ಎದುರು ಎಬ್ಬಿಸಿ ಕೇಳಬೇಡ.

ನಿನ್ನ ಬೈಗುಳಕ್ಕೆ ಕಾಯದೆ ಅಂಗಡಿಗೆ ಹೊರಟ,
ರಕ್ಷಾ

ಮರೆತದ್ದಲ್ಲ, ಬರೆಯದೆ ಬಿಟ್ಟದ್ದು: ಅವರು ನನ್ನನ್ನು ಆರಿಸಿದ್ದಾರೆ. 'ಗಂಟಲು ಕಟ್ಟಿತ್ತು ಅನ್ಸುತ್ತೆ, ಪರವಾಗಿಲ್ಲ, ಸರಿ ಮಾಡ್ಕೊಂಡು ಬನ್ನಿ. ನಿಮ್ಮ ಬೋರ್ಡ್ ವರ್ಕ್ ಇದೆಯಲ್ಲ ಮೇಡಂ, ಅಂಥದ್ದು ನೋಡಿ ವರ್ಷಗಳಾಯ್ತು. ದಿನಾ ಹಾಗೇ ಬರೀಬೇಕು' ಎಂದರು. ದಿನಾ. ಆ ಬರಹ ಎರಡು ಮಾತ್ರೆಯದು ಎಂದು ಅವರಿಗೇನು ಗೊತ್ತು. ಗುರುವಾರದವರೆಗೆ ಕಾಯುತ್ತಾರಂತೆ, ಆಮೇಲೆ ಬೇರೆಯವರನ್ನು ಕರೆಯುತ್ತಾರೆ. ಈ ವಿಷಯ ನಿನಗೆ ಇವತ್ತೇ ಗೊತ್ತಾದರೆ ಕೆಂಗೇರಿಯಿಂದ ಸ್ಕೂಟಿ ಹತ್ತಿ ಬಂದು, ನನ್ನ ಜುಟ್ಟು ಹಿಡಿದು ಆ ಕಾಲೇಜಿನ ಗೇಟಿನೊಳಗೆ ತಳ್ಳುತ್ತೀಯ. ಅದಕ್ಕೇ ಫೋನು ಎತ್ತಲಿಲ್ಲ. ಈ ಪತ್ರವನ್ನು ಗುರುವಾರ ಸಂಜೆ, ಗೇಟು ಮುಚ್ಚಿದ ಮೇಲೆ, ಅಂಚೆಗೆ ಹಾಕುತ್ತೇನೆ.