ಸೋಮವಾರದ ಉಸಿರು

ಪ್ರೀತಿಯ ವೂಲಾ,

ಬರೆಯಲು ಕೂತರೆ ನನ್ನ ಕೈ ಓಡುವುದಿಲ್ಲ, ಬಾಯಿ ಮಾತ್ರ ನಿಲ್ಲುವುದಿಲ್ಲ. ಅದಕ್ಕೇ ಫೋನಿಗೆ ಹೇಳಿ ಕಳಿಸುತ್ತಿದ್ದೇನೆ. ನಡುವೆ ಆಫ್ ಮಾಡಬೇಡ.

ಇಪ್ಪತ್ತೆರಡು ವರ್ಷ, ಪೋರ್ಟ್ ಪಿರಿಯ ಆಸ್ಪತ್ರೆಯ ಆ ಇಕ್ಕಟ್ಟಾದ ಕೋಣೆಯಲ್ಲಿ ಕೂತು ನಾವಿಬ್ಬರೂ ಊರಿನವರ ಉಸಿರು ಅಳೆದೆವು. ಬಂದರಿನ ಗಟ್ಟಿ ಆಳುಗಳು ಉಸಿರು ಅಳೆಯುವ ಯಂತ್ರದ ಕೊಳವೆ ಬಾಯಿಗಿಟ್ಟುಕೊಂಡು ನಾಚಿದರೆ ನೀನು ಬಿಡುತ್ತಿದ್ದೆಯಾ? "ಊದಯ್ಯಾ, ಊದು! ಇನ್ನೂ, ಇನ್ನೂ! ಇಷ್ಟಕ್ಕೇ ಸುಸ್ತಾ? ನಮ್ಮತ್ತೆ ಕೇಕ್ ಮೇಲಿನ ಕ್ಯಾಂಡಲ್ಲೇ ಇದಕ್ಕಿಂತ ಜೋರಾಗಿ ಊದ್ತಾಳೆ!"

ಸೋಮವಾರ ಬೆಳಿಗ್ಗೆ ರೋಗಿಗಳು ಬರುವ ಮೊದಲು ನಾವೇ ಊದಬೇಕಿತ್ತು. ಆರೋಗ್ಯವಾಗಿರುವ ನಮ್ಮ ಅಂಕಿ ಎಂದಿನಂತೆ ಬಂದರೆ ಯಂತ್ರ ಸರಿಯಿದೆ ಎಂದರ್ಥ. ನಿನ್ನದು ಮೂರೂವರೆ ಲೀಟರ್, ನನ್ನದು ಐದು. ಆಮೇಲೆ ಕಾಫಿ, ನೀನು ತಂದ ಎಳ್ಳು ಮೆತ್ತಿದ ಬಿಸ್ಕತ್ತು, ಊರಿನವರ ಸುದ್ದಿ. ಆ ಕಾಲು ಗಂಟೆಗಾಗಿಯೇ ನನಗೆ ಸೋಮವಾರ ಇಷ್ಟವಾಗುತ್ತಿತ್ತು.

ಈ ಮಾರ್ಚಿನಲ್ಲಿ ನಿನ್ನದು ಮೂರಕ್ಕೆ ಇಳಿಯಿತು. ಫಿಲ್ಟರ್ ಬದಲಿಸಿದೆವು, ಕೊಳವೆ ಬದಲಿಸಿದೆವು. ಅಡಿಲೇಡಿನಿಂದ ಬಂದ ರಿಪೇರಿಯವನು, "ಮಷೀನ್ ಚೆನ್ನಾಗೇ ಇದೆ ಕಣ್ರಮ್ಮ, ನೀವೇ ಒಂದ್ಸಲ ತೋರಿಸ್ಕೊಳ್ಳಿ" ಎಂದ. "ನೋಡೋ ಗ್ಲೆನ್, ಸ್ಪ್ಯಾನರ್ ಹಿಡ್ದೋನೂ ಡಾಕ್ಟರಾದ!" ಎಂದು ನೀನು ನಕ್ಕೆ. ನಗು ಕೆಮ್ಮಾಗಿ ನಿಂತಿತು.

ಈಗ ಹೇಳುವುದನ್ನು ಕೂತು ಕೇಳು. ಮರುವಾರ ನನ್ನ ಸರದಿ ಬಂದಾಗ ನಿನ್ನ ಮುಖ ನೋಡಿದೆ. ನೀನು ಹೆದರಿದ್ದೆ. ನಾನು ಬೇಕೆಂದೇ ಪೂರ್ತಿ ಊದಲಿಲ್ಲ. ನಾಲ್ಕೂಕಾಲು ಬಂತು. "ನೋಡ್ದಾ, ನಿಂದೂ ಇಳೀತು! ಹಾಳು ಮಷೀನು!" ಎಂದು ನೀನು ನನ್ನ ಬೆನ್ನಿಗೆ ಗುದ್ದಿದೆ. ನಿನ್ನ ಮುಖ ಎಷ್ಟು ಅರಳಿತೆಂದರೆ, ಮುಂದಿನ ಆರು ಸೋಮವಾರವೂ ನಾನು ಹಾಗೇ ಮಾಡಿದೆ.

ಈಗ ನಿನಗೆ ನಾಲ್ಕು ಮೆಟ್ಟಿಲು ಹತ್ತಲಾಗುತ್ತಿಲ್ಲ. ಉಸಿರು ಅಳೆಯದೆ ಔಷಧಿ ಶುರು ಮಾಡಲಾಗದು ಎಂದು ಡಾಕ್ಟರು ಹೇಳಿದರೂ ಗುರುವಾರದ ಪರೀಕ್ಷೆಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದೀಯಂತೆ. "ಆ ಮಷೀನು ಸುಳ್ಳುಬುರುಕ, ಬೇಕಾದ್ರೆ ಗ್ಲೆನ್‌ನ ಕೇಳು" ಎಂದೆಯಂತೆ ಮಗಳ ಹತ್ತಿರ. ಅವಳು ಕೇಳಿದಳು. ಉತ್ತರ ನಿನಗೇ ಹೇಳುತ್ತಿದ್ದೇನೆ. ಸುಳ್ಳು ಹೇಳಿದ್ದು ಯಂತ್ರವಲ್ಲ ವೂಲಾ, ನಾನು.

ನನಗೆ ಬೈಯುವುದು ಬೇಕಾದಷ್ಟಿರುತ್ತದೆ. ಫೋನಿನಲ್ಲಿ ಬೇಡ. ಗುರುವಾರ ಒಂಬತ್ತಕ್ಕೆ ಬಾ, ಎದುರಿಗೇ ಬೈ. ಆದರೆ ಮೊದಲು ಊದು, ಆಮೇಲೆ ಬೈ. ಇರುವ ಉಸಿರನ್ನೆಲ್ಲ ನನ್ನ ಮೇಲೆ ಖರ್ಚು ಮಾಡಿಬಿಡಬೇಡ.

ನೀನು ನಂಬುವ ದೇವಮಾತೆ ನಿನ್ನನ್ನು ಕಾಯಲಿ.

ಬಾಗಿಲಲ್ಲೇ ನಿಂತಿರುತ್ತೇನೆ,
ಗ್ಲೆನ್