ಅಮೃತ ಹಸ್ತದ ಕಲ್ಲು

ಜ್ವರಗಾಲದ ಮೂರನೇ ಹುಣ್ಣಿಮೆ, ೨೧೬೭

ನಮ್ಮ ಓಣಿಯಲ್ಲಿ ನಮಗಿಂತ ಮೊದಲು ಇದ್ದವರಿಗೆ,

ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಜ್ವರಗಾಲ ಎಂದರೆ ನೀವು ಮಳೆಗಾಲ ಎನ್ನುತ್ತಿದ್ದದ್ದು. ಅದೀಗ ದೀಪಾವಳಿ ದಾಟಿದರೂ ಮುಗಿಯುವುದಿಲ್ಲ. ನಾನು ಚಂಪಾ ಬಾರಕೇರ. ಒಂದೇ ಕಡೆ ಕೂರಲಾರದೆ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟೆ. ಬಡತನ ಕಾರಣವಲ್ಲ, ಸುಳ್ಳು ಹೇಳುವುದಿಲ್ಲ. ಈಗ ಓಣಿಯ ಹುಳುಗಾವಲಿನ ಕೆಲಸ ನನ್ನದು. ಎಲ್ಲೆಲ್ಲಿ ನೀರು ನಿಂತಿದೆಯೋ ಅಲ್ಲೆಲ್ಲ ಹುಳುಗಣ್ಣು ಇಳಿಬಿಡುತ್ತೇನೆ. ಅದು ಬೆರಳುದ್ದದ ಗಾಜಿನ ನಳಿಕೆ. ನೀರಿನಲ್ಲಿ ಸೊಳ್ಳೆಮರಿ ಇದ್ದರೆ ಕೆಂಪಾಗುತ್ತದೆ.

ಇಲ್ಲಿ ಹಗಲು ಮಲಗುವ ಕೂಸಿಗೂ ಪರದೆ ಕಟ್ಟುತ್ತೇವೆ, ಏಕೆಂದರೆ ಈ ಜ್ವರದ ಸೊಳ್ಳೆ ಹಗಲೇ ಕಚ್ಚುತ್ತದೆ. ಮದುವೆಗಳನ್ನೆಲ್ಲ ಬೇಸಿಗೆಯಲ್ಲೇ ಮುಗಿಸುತ್ತೇವೆ. ಹಂಡೆಗೆ ಮುಚ್ಚಳ, ತೊಟ್ಟಿಗೆ ಹುಳು ತಿನ್ನುವ ಮೀನು. ಆದರೂ ಈ ಸಲ ಮಕ್ಕಳು ಒಬ್ಬರ ಹಿಂದೆ ಒಬ್ಬರು ಜ್ವರ ಬಂದು ಮಲಗಿದರು. ನನ್ನ ತಂಗಿ ರುಕ್ಮಾಳ ಒಸಡಿನಲ್ಲಿ ರಕ್ತ ಬಂತು. ಊರಿನ ಕಚೇರಿ ಸೊಳ್ಳೆಗೆ ಹೊಗೆ ಬಿಡುವ ಗಾಡಿ ಕಳಿಸಿತು. ಹುಡುಗರು ಅದರ ಹಿಂದೆ ಓಡಿದರು. ಇದೊಂದರಲ್ಲಿ ನಿಮ್ಮ ಕಾಲಕ್ಕೂ ನಮ್ಮ ಕಾಲಕ್ಕೂ ವ್ಯತ್ಯಾಸವಿಲ್ಲ ಎಂದು ಕೇಳಿದ್ದೇನೆ.

ನಾನು ಮತ್ತೆ ಮನೆಮನೆ ಹೊಕ್ಕೆ. ಪಕ್ಕದ ಮನೆಯ ನಾಗವ್ವಜ್ಜಿ ಬಾಗಿಲಲ್ಲೇ ಕುಟುಕಿದಳು: “ಬಾರವ್ವಾ ಇನಸ್ಪೆಕ್ಟರ. ಸಾಲ್ಯಾಗ ಪುಸ್ತಕ ನೋಡಲಿಲ್ಲ, ನಮ್ಮ ಹಂಡೆ ಎಷ್ಟ ಸಲ ನೋಡ್ತಿ? ತೊಟ್ಟ್ಯಾಗ ಮೀನ ಅದಾವ, ಬೇಕಂದ್ರ ಸಾರಿಗೆ ಒಯ್ಯಿ.” ಅವಳ ಮನೆಯಲ್ಲಿ ಹುಳು ಇರಲಿಲ್ಲ. ನಮ್ಮದೇ ಮಾಳಿಗೆಯ ಹೂಕುಂಡದಲ್ಲಿ ನಾಲ್ಕು ಸಿಕ್ಕವು, ಅದನ್ನೂ ಹೇಳಿಬಿಡುತ್ತೇನೆ. ಆದರೆ ಇಡೀ ಓಣಿಯನ್ನು ಮಲಗಿಸಲು ನಾಲ್ಕು ಹುಳು ಸಾಲದು.

ಜ್ವರ ಬಂದ ಮಕ್ಕಳು ಹಗಲು ಎಲ್ಲಿ ಆಡುತ್ತಿದ್ದರೆಂದು ಕೇಳುತ್ತ ಹೋದೆ. ಎಲ್ಲರ ಉತ್ತರ ಒಂದೇ: ಚೌಕದ ಕಟ್ಟೆ. ಕಟ್ಟೆಯೆಂದರೆ ನೀವು ನೆಲದೊಳಗೆ ಕಟ್ಟಿಸಿದ ನೀರಿನ ಟ್ಯಾಂಕಿನ ನೆತ್ತಿ. ಅದರಿಂದ ಯಾವ ಮನೆಗೂ ಒಂದು ಹನಿ ಹರಿದಿಲ್ಲ, ಪೈಪನ್ನೇ ಹಾಕಿರಲಿಲ್ಲ. ಬಾಯಿಗೆ ಮಾತ್ರ ಕರಿಕಲ್ಲು ಮುಚ್ಚಿ, ಯಾರದೋ ‘ಅಮೃತ ಹಸ್ತದಿಂದ’ ಉದ್ಘಾಟನೆಯಾಯಿತೆಂದು ಕೆತ್ತಿಸಿದ್ದೀರಿ. ಅಕ್ಷರಗಳ ನಡುವಿನ ಬಿರುಕಿನಿಂದ ಮಳೆನೀರು ಒಳಗಿಳಿದು ನಿಂತಿತ್ತು. ಅಲ್ಲಿಂದಲೇ ಹುಳುಗಣ್ಣು ಇಳಿಬಿಟ್ಟೆ. ಕೆಂಡದ ಹಾಗೆ ಕೆಂಪಾಯಿತು.

ಕಲ್ಲು ಎಬ್ಬಿಸಲು ಹಾರೆ ತಂದರೆ, ಹಳೇ ಕಟ್ಟಡ ಕಾಯುವ ಕಚೇರಿಯವನು ಅಡ್ಡ ಬಂದ. “ಕಲ್ಲಿಗೆ ನೂರು ವರ್ಷ ದಾಟೇತವ್ವಾ. ಈಗದು ಸ್ಮಾರಕ, ಮುಟ್ಟಂಗಿಲ್ಲ.” ಬಿರುಕಿಗೆ ಸಿಮೆಂಟ್ ಮೆತ್ತುತ್ತೇನೆಂದರೂ ಒಪ್ಪಲಿಲ್ಲ, ಅಕ್ಷರ ಮುಚ್ಚಿಹೋಗುತ್ತವಂತೆ.

“ನನ್ನ ತಂಗಿಗೆ ಏಳ ವರ್ಷ. ಆಕೀನೂ ಮುಟ್ಟಂಗಿಲ್ಲ ಅನ್ನಾಕ ಇನ್ನೆಷ್ಟ ವರ್ಷ ಬದುಕಬೇಕ್ರಿ?” ಎಂದು ಕೇಳಿದೆ. ಅವನು ಕಲ್ಲು ಎತ್ತಗೊಡಲಿಲ್ಲ. ಬಿರುಕಿನಿಂದ ಮದ್ದು ಸುರಿದೆವು. ಮುಂದಿನ ಮಳೆಗೆ ಹುಳು ಮತ್ತೆ ಎದ್ದವು.

ಅಮೃತದ ಕೈ ಯಾರದೋ ನನಗೆ ಗೊತ್ತಿಲ್ಲ. ಆ ದಿನ ಚಪ್ಪಾಳೆ ತಟ್ಟಿದ ಕೈಗಳು ನಿಮ್ಮವು. ನಲ್ಲಿ ಎಲ್ಲಿದೆ ಎಂದು ಕೇಳಲು ಅಷ್ಟು ಜನರಲ್ಲಿ ಒಂದು ಬಾಯಿಯೂ ಇರಲಿಲ್ಲವೇ?

ರುಕ್ಮಾ ಆಸ್ಪತ್ರೆಯಲ್ಲಿದ್ದಾಳೆ. ಉಳಿಯುತ್ತಾಳೆಂದು ವೈದ್ಯರು ಇನ್ನೂ ಹೇಳಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಟ್ಯಾಂಕಿಗೆ ಪೈಪು ಹಾಕಿಸಿ, ಇಲ್ಲವೇ ಮಣ್ಣು ತುಂಬಿಸಿ. ನಮಗೆ ಸ್ಮಾರಕವಾದದ್ದು ನಿಮ್ಮ ಕಾಲಕ್ಕೆ ಬರೀ ಕಲ್ಲು. ಹಾರೆ ಎತ್ತಿಕೊಳ್ಳಿ. ಈಗಿನ್ನೂ ನಿಮ್ಮನ್ನು ಯಾರೂ ತಡೆಯುವುದಿಲ್ಲ.

ರುಕ್ಮಾಳ ಅಕ್ಕ,
ಚಂಪಾ